ಹೊಳೆಯಾಚೆ ಕಾರ್ಡು, ಹೊಳೆಯೀಚೆ ರಸೀದಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಸೊಸೈಟಿ ಸೆಕ್ರೆಟರಿಯಾಗಿ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಜಮಾ ಖರ್ಚು ಓದಿದ್ದೇ ನನ್ನ ಭಾಷಣ. ಓದುವಾಗ ಯಾರೂ ಕೇಳುತ್ತಿರಲಿಲ್ಲ, ಓದಿ ಮುಗಿಸಿದ ಮೇಲೆ ಎಲ್ಲರೂ ಒಟ್ಟಿಗೇ ಕೇಳುತ್ತಿದ್ದರು. ಇವತ್ತು ಆರೋಗ್ಯ ವಿಮೆ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಹೆಡ್ ಮೇಡಂ ಹೇಳಿದಾಗ, ‘ಡಾಕ್ಟರನ್ನ ಕರೀರಿ ಮೇಡಂ’ ಅಂದೆ. ‘ಡಾಕ್ಟರು ಕಾಯಿಲೆ ಬಗ್ಗೆ ಹೇಳ್ತಾರೆ, ದುಡ್ಡಿನ ಬಗ್ಗೆ ನೀವು ಹೇಳಿ’ ಅಂದರು. ಹಾಗಾಗಿ ಬಂದಿದ್ದೇನೆ.

1974ರಲ್ಲಿ ಈ ಶಾಲೆ ಶುರುವಾದಾಗ ಇದಕ್ಕೆ ಕಟ್ಟಡ ಇರಲಿಲ್ಲ ಎಂಬುದು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. ಎಂಟನೇ ತರಗತಿ ನಡೆದದ್ದು ಸೊಸೈಟಿಯ ಗೊಬ್ಬರದ ಗೋಡೌನಿನಲ್ಲಿ. ಯೂರಿಯಾ ಚೀಲಗಳ ಮೇಲೆ ಕೂತು ಓದಿದ ಮೊದಲ ಬ್ಯಾಚು ನಮ್ಮದು. ಎಸ್ಸೆಸ್ಸೆಲ್ಸಿ ಮುಗಿಸಿ, ಹರಿಹರದಲ್ಲಿ ಪಿಯುಸಿ ಓದಿ, ಸ್ವಲ್ಪ ದಿನ ಅಲೆದು, 1983ರಲ್ಲಿ ಅದೇ ಸೊಸೈಟಿಗೆ ಗುಮಾಸ್ತನಾಗಿ ಸೇರಿದೆ. ಅದೇ ಗೋಡೌನು, ಅದೇ ವಾಸನೆ. ಅಲ್ಲಿಂದ 2021ರಲ್ಲಿ ನಿವೃತ್ತನಾದೆ. ಅಂದರೆ ನನ್ನ ಓದು, ನೌಕರಿ ಎರಡೂ ಒಂದೇ ಸೂರಿನಡಿ ಮುಗಿದವು.

ವಿಮೆ ಅನ್ನುವ ಮಾತು ನಮ್ಮ ಸೊಸೈಟಿಗೆ ಬಂದದ್ದು 2003ರಲ್ಲಿ. ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ರಕ್ಷಣಾ ಯೋಜನೆ. ಅದರ ಹಿಂದಿನ ವರ್ಷ ನವೆಂಬರ್‌ನಲ್ಲಿ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ಉದ್ಘಾಟನೆಯಾಗಿತ್ತು. ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟರು ಯೋಚಿಸಿದ್ದು ಅಂತ ಸುತ್ತೋಲೆ ತಂದ ಸಹಕಾರ ಇಲಾಖೆಯವರು ಹೇಳಿದರು. 2003ರ ಜೂನ್ 1ರಿಂದ ಜಾರಿ. ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸರಕಾರದ್ದೂ ಮೇಲೆ ಒಂದು ಪಾಲು. ಸಹಕಾರ ಸಂಘದ ಸದಸ್ಯನಾಗಿದ್ದರೆ ಅವನು ಮತ್ತು ಅವನ ಮನೆಯವರು ಸೇರಬಹುದು. ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋದರೆ ಆಪರೇಷನ್ ಖರ್ಚು ಯೋಜನೆಯದು.

ಆಪರೇಷನ್‌ಗೆ ಮಾತ್ರ ಅನ್ನುವುದನ್ನು ಗಮನಿಸಿ. ಜ್ವರ ಬಂದು ಮಲಗಿದರೆ ಇಲ್ಲ, ಸಕ್ಕರೆ ಕಾಯಿಲೆಯ ಮಾತ್ರೆಗೆ ಇಲ್ಲ. ಆಮೇಲೆ ರೈತರ ಬದುಕು ನೋಡಿ ಕೆಲವನ್ನು ಸೇರಿಸಿದರು: ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದದ್ದು, ಕರೆಂಟ್ ಹೊಡೆದದ್ದು, ನೀರಿಗೆ ಬಿದ್ದದ್ದು, ಕೃಷಿ ಯಂತ್ರಕ್ಕೆ ಕೈ ಸಿಕ್ಕಿದ್ದು. ಎತ್ತು ತಿವಿದರೆ ದುಡ್ಡು ಕೊಡುವ ವಿಮೆ ಪ್ರಪಂಚದಲ್ಲಿ ಬೇರೆ ಎಲ್ಲಿದೆಯೋ ನಾನು ಕಾಣೆ. ಅದನ್ನು ಬರೆದ ಅಧಿಕಾರಿ ಯಾರೇ ಇರಲಿ, ಅವರು ಒಮ್ಮೆಯಾದರೂ ಹೊಲ ನೋಡಿದವರು.

ಜನ ನಂಬಲಿಲ್ಲ. ನಮ್ಮ ಕಡೆ ಮುಯ್ಯಿ ಅಂತ ಒಂದು ಪದ್ಧತಿ ಇದೆಯಲ್ಲ. ನಿಮ್ಮ ಮನೆ ಮದುವೆಗೆ ನಾನು ಹಾಕಿದ್ದು ನನ್ನ ಮನೆ ಮದುವೆಗೆ ತಿರುಗಿ ಬರಬೇಕು. ಜನ ವಿಮೆಯನ್ನೂ ಮುಯ್ಯಿ ಅಂತಲೇ ತಿಳಿದರು. ವರ್ಷ ಮುಗಿದ ಮೇಲೆ ಬಂದು, ‘ನಮ್ಮನೇಲಿ ಯಾರಿಗೂ ಏನೂ ಆಗ್ಲಿಲ್ಲ, ದುಡ್ಡು ವಾಪಸ್ ಕೊಡು’ ಅನ್ನುವವರು. ಆಗಲಿಲ್ಲವಲ್ಲ, ದೇವರು ದೊಡ್ಡವನು ಅನ್ನಪ್ಪ ಅಂದರೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನೂರು ಜನ ಹಾಕಿದ್ದು ಒಬ್ಬನಿಗೆ ಹೋಗುತ್ತದೆ, ಆ ಒಬ್ಬ ಯಾರು ಅಂತ ಮೊದಲೇ ಗೊತ್ತಿದ್ದರೆ ಉಳಿದ ತೊಂಬತ್ತೊಂಬತ್ತು ಜನ ಹಾಕುವುದೇ ಇಲ್ಲ. ಇಷ್ಟನ್ನು ತಿಳಿಸಿ ಹೇಳುವುದಕ್ಕೆ ನನಗೆ ಹತ್ತು ವರ್ಷ ಹಿಡಿಯಿತು.

ಅದಕ್ಕೆ ನಾನೊಂದು ಸುಲಭದ ದಾರಿ ಮಾಡಿಕೊಂಡೆ. ಮುಂಗಾರಿನ ಬೆಳೆಸಾಲ ಬಟವಾಡೆ ಮಾಡುವಾಗಲೇ ಯಶಸ್ವಿನಿ ಹಣ ಮುರಿದುಕೊಂಡು ಬಿಡುವುದು. ಕೇಳುವುದಿಲ್ಲ, ರಸೀದಿ ಕೊಡುವುದು. ನಾನೊಬ್ಬನೇ ಅಲ್ಲ, ಸುತ್ತಲ ಎಷ್ಟೋ ಸೊಸೈಟಿಗಳಲ್ಲಿ ಹೀಗೇ ನಡೆಯುತ್ತಿತ್ತು. ಮೊದಲ ವರ್ಷ ರಾಜ್ಯದಲ್ಲಿ ಸುಮಾರು 16 ಲಕ್ಷ ಜನ, ಎರಡನೆಯ ವರ್ಷ 20 ಲಕ್ಷ ಜನ ಸೇರಿದರು ಅಂತ ಪತ್ರಿಕೆಗಳಲ್ಲಿ ಬಂತು. ಅದರಲ್ಲಿ ತಾವಾಗಿ ಬಂದವರು ಎಷ್ಟು, ನನ್ನಂಥ ಸೆಕ್ರೆಟರಿಗಳು ಎಳೆದು ತಂದವರು ಎಷ್ಟು ಅಂತ ಕೇಳಿದರೆ ನಾನು ತಲೆ ತಗ್ಗಿಸಬೇಕು.

ಈಗ ಹೇಳುವ ಸಂಗತಿಯನ್ನು ನಾನು ಇಷ್ಟು ವರ್ಷ ಯಾರ ಮುಂದೂ ಹೇಳಿಲ್ಲ. ಇಲ್ಲಿ ಹೇಳುತ್ತೇನೆ, ಯಾಕೆಂದರೆ ಅದು ಈ ಶಾಲೆಗೂ ಸೇರಿದ ಸಂಗತಿ.

ಗೋಡೌನಿನಲ್ಲಿ ನನ್ನ ಪಕ್ಕದ ಚೀಲದ ಮೇಲೆ ಕೂತು ಓದಿದ ಗೆಳೆಯನೊಬ್ಬನಿದ್ದ. ಹೆಸರು ಬೇಡ. ಲೆಕ್ಕದಲ್ಲಿ ನನಗಿಂತ ಚುರುಕು. ಅಪ್ಪ ತೀರಿಕೊಂಡದ್ದರಿಂದ ಹತ್ತನೇ ತರಗತಿಗೇ ಬಿಟ್ಟು ಹೊಲಕ್ಕೆ ಇಳಿದ. 2004ರ ಸರ್ವಸದಸ್ಯರ ಸಭೆಯಲ್ಲಿ ನಾನು ಜಮಾ ಖರ್ಚು ಓದಿ ಕೂತ ಕೂಡಲೇ ಎದ್ದು ನಿಂತ. ‘ಸಾಲ ನಂದು, ಬಡ್ಡಿ ಕಟ್ಟೋನು ನಾನು. ನನ್ನ ಕೇಳ್ದಂಗೆ ದುಡ್ಡು ಹಿಡ್ಕಳಕ್ಕೆ ನೀನ್ಯಾರಲೇ?’ ಅಂದ. ಎಲ್ಲರೂ ನಕ್ಕರು, ಚಪ್ಪಾಳೆ ಹೊಡೆದರು. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕೇಳದೆ ಮುರಿದುಕೊಳ್ಳಲು ನನಗೆ ಯಾವ ಕಾನೂನಿನಲ್ಲೂ ಅಧಿಕಾರ ಇರಲಿಲ್ಲ. ಅವನದೇ ಸರಿ ಅಂತ ಗೊತ್ತಿದ್ದದ್ದರಿಂದಲೇ ನನಗೆ ಹೆಚ್ಚು ಸಿಟ್ಟು ಬಂತು.

ಮರುವರ್ಷ ವಂತಿಗೆ ಎರಡರಷ್ಟಾಯಿತು. ದೊಡ್ಡವರಿಗೆ 60 ಹೋಗಿ 120. ಜನ ಹಿಂಜರಿದರು, ಆ ವರ್ಷ ಇಡೀ ರಾಜ್ಯದಲ್ಲೇ ಸೇರಿದವರ ಸಂಖ್ಯೆ 20 ಲಕ್ಷದಿಂದ 15 ಲಕ್ಷದ ಒಳಕ್ಕೆ ಇಳಿಯಿತು. ನಾನು ಮನೆಮನೆಗೆ ಹೋದೆ. ಕೈಕಾಲು ಹಿಡಿದೆ ಅಂದರೂ ಸರಿಯೇ. ಎರಡು ಮೂರು ಬಡ ಸದಸ್ಯರಿಗೆ ನನ್ನ ಜೇಬಿನಿಂದ ಹಾಕಿ ಆಮೇಲೆ ಸುಗ್ಗಿಯಲ್ಲಿ ವಸೂಲು ಮಾಡಿದೆ. ಆದರೆ ಆ ಗೆಳೆಯನ ಮನೆ ಮುಂದೆ ಎರಡು ಸಲ ಹಾದು ಹೋದೆ, ಒಳಗೆ ಹೋಗಲಿಲ್ಲ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಒಪ್ಪಿಲ್ಲ’ ಅಂತ ನಾನೇ ಬರೆದೆ. ಅವನನ್ನು ನಾನು ಕೇಳಿರಲೇ ಇಲ್ಲ.

2006ರ ಫೆಬ್ರವರಿಯಲ್ಲಿ ಅವನಿಗೆ ಎದೆನೋವು ಬಂತು. ಮೂರು ರಕ್ತನಾಳ ಕಟ್ಟಿವೆ, ಬೈಪಾಸ್ ಆಗಬೇಕು ಅಂದರು. ಆಗಿನ ಕಾಲಕ್ಕೆ ಒಂದೂವರೆ ಲಕ್ಷದ ಮಾತು. ಅದರಲ್ಲಿ ಒಂದು ಲಕ್ಷವನ್ನು ಯಶಸ್ವಿನಿ ಕೊಡುತ್ತಿತ್ತು. ಅವನ ಹೆಂಡತಿ ನಮ್ಮ ಮನೆಗೆ ಬಂದು ‘ಅಣ್ಣಾ, ನಮ್ದು ಯಶಸ್ವಿನಿ ಐತಲ್ಲ?’ ಅಂದಳು. ಹಿಂದಿನ ವರ್ಷದ ರಸೀದಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಅದರ ಅವಧಿ ಹಿಂದಿನ ಮೇ 31ಕ್ಕೇ ಮುಗಿದಿತ್ತು. ನಾನು ರಸೀದಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ, ಏನೋ ಹುಡುಕುವವನ ಹಾಗೆ.

ಈ ಶಾಲೆಯ ಹಿಂಬದಿ ಕಿಟಕಿಯಲ್ಲಿ ನಿಂತರೆ ನಾಲೆಯ ಪಕ್ಕ ಒಂದು ಅಡಿಕೆ ತೋಟ ಕಾಣುತ್ತದೆ. ಅದು ಅವನದ್ದಾಗಿತ್ತು. ಆಗ ಭತ್ತದ ಗದ್ದೆ. ಆ ಏಪ್ರಿಲ್‌ನಲ್ಲಿ ಮಾರಿದ. ಆಪರೇಷನ್ ಚೆನ್ನಾಗಿ ಆಯಿತು, ಇನ್ನೂ ಹನ್ನೆರಡು ವರ್ಷ ಬದುಕಿದ. ಮಗ ಮಾತ್ರ ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಹೋದ. ಆ ಗೆಳೆಯ ನನ್ನನ್ನು ಒಂದು ಮಾತೂ ಕೇಳಲಿಲ್ಲ. ‘ನಾನೇ ಬ್ಯಾಡ ಅಂದಿದ್ದೆ ಬಿಡು’ ಅಂತ ಒಂದು ದಿನ ತಾನಾಗಿಯೇ ಅಂದ. ಅದು ನಿಜವಲ್ಲ ಅಂತ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅವನ ಮಗ ಇವತ್ತು ಈ ಪೆಂಡಾಲಿನಲ್ಲಿ ಎಲ್ಲೋ ಕೂತಿದ್ದಾನೆ. ಅಪ್ಪಾ, ನಿಮ್ಮಪ್ಪ ಬೇಡ ಅನ್ನಲಿಲ್ಲ. ನಾನು ಕೇಳಲಿಲ್ಲ.

(ಇಲ್ಲಿ ನಾನು ಸ್ವಲ್ಪ ಹೊತ್ತು ಮಾತು ನಿಲ್ಲಿಸಿದೆ. ನೀರು ತಂದುಕೊಟ್ಟ ಒಂಬತ್ತನೇ ತರಗತಿಯ ಹುಡುಗಿಗೆ ನನ್ನ ಕೃತಜ್ಞತೆ.)

ಹೊಳೆಯ ಕಥೆಗೆ ಬರುತ್ತೇನೆ. ನಮ್ಮೂರಿಗೂ ಆಚೆ ದಡದ ಊರಿಗೂ ನಡುವೆ ತುಂಗಭದ್ರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ದಡ ಮೈಸೂರು ಮಹಾರಾಜರದ್ದು, ಆ ದಡ ಬಾಂಬೆ ಪ್ರಾಂತ್ಯದ್ದು. ಏಕೀಕರಣ ಆಗಿ ಎಲ್ಲ ಒಂದೇ ಆಯಿತು. ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿ, ರಾಣೆಬೆನ್ನೂರು ಧಾರವಾಡ ಜಿಲ್ಲೆಯಲ್ಲಿ. 1997ರ ಮೇಲೆ ದಾವಣಗೆರೆ, ಹಾವೇರಿ ಅಂತಾದವು. ಹೆಣ್ಣು ಕೊಟ್ಟು ತರುವುದು, ಸಂತೆ, ಜಾತ್ರೆ ಎಲ್ಲ ಒಂದೇ. ನಮ್ಮಕ್ಕನನ್ನು ಕೊಟ್ಟದ್ದೂ ಆಚೆ ದಡಕ್ಕೇ. ಗಡಿ ಅಳಿಸಿ ಹೋಯಿತು ಅಂದುಕೊಂಡಿದ್ದೆವು.

2010ರಲ್ಲಿ ಅದು ಮತ್ತೆ ಎದ್ದಿತು. ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆ ಆ ವರ್ಷ ಕಲಬುರಗಿ ವಿಭಾಗದಲ್ಲಿ ಆರಂಭವಾಗಿ ಬೆಳಗಾವಿ ವಿಭಾಗಕ್ಕೂ ಬಂತು. ಬಿಪಿಎಲ್ ಕಾರ್ಡು ಇದ್ದರೆ ಸಾಕು, ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರ, ಸುಟ್ಟ ಗಾಯ, ಅಪಘಾತದ ದೊಡ್ಡ ಚಿಕಿತ್ಸೆಗಳಿಗೆ ಮನೆಗೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ, ಬೇಕಾದರೆ ಮೇಲೆ ಐವತ್ತು ಸಾವಿರ. ಒಂದು ಪೈಸೆ ವಂತಿಗೆ ಇಲ್ಲ, ಹೆಸರು ಬರೆಸುವುದೂ ಇಲ್ಲ. ರೇಷನ್ ಕಾರ್ಡೇ ವಿಮೆ. ಹಾವೇರಿ ಬೆಳಗಾವಿ ವಿಭಾಗಕ್ಕೆ ಸೇರಿದ್ದು. ದಾವಣಗೆರೆ ಬೆಂಗಳೂರು ವಿಭಾಗಕ್ಕೆ ಸೇರಿದ್ದು. ಹೀಗಾಗಿ ಆಚೆ ದಡಕ್ಕೆ ಬಂತು, ಈಚೆ ದಡಕ್ಕೆ ಬರಲಿಲ್ಲ.

ನಮ್ಮ ಭಾವನಿಗೆ ಹೃದಯದ ಕವಾಟದ ತೊಂದರೆ ಇತ್ತು. 2011ರಲ್ಲಿ ಅವರ ತಾಲೂಕಿನಲ್ಲಿ ಆರೋಗ್ಯ ಶಿಬಿರ ನಡೆಯಿತು, ದೊಡ್ಡಾಸ್ಪತ್ರೆಯ ಡಾಕ್ಟರುಗಳೇ ಬಂದು ನೋಡಿದರು, ಪಟ್ಟಿ ಮಾಡಿಕೊಂಡರು, ತಿಂಗಳೊಳಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅಕ್ಕನ ಕೈಯಿಂದ ಹೋದದ್ದು ಜೊತೆಗೆ ಹೋದವರ ಊಟ, ಓಡಾಟದ ಹಣ. ಅಕ್ಕ ಫೋನು ಮಾಡಿ, ‘ಅಲ್ಲೋ ತಮ್ಮಾ, ಬಿಲ್ಲೂ ತೋರಿಸ್ಲಿಲ್ಲ’ ಅಂತ ಮೂರು ಸಲ ಹೇಳಿದಳು. ಬಿಲ್ಲು ತೋರಿಸದೆ ಕಳಿಸಿದ್ದಕ್ಕೆ ಅವಳಿಗೆ ಏನೋ ಅನುಮಾನ.

ಅದೇ ವರ್ಷ ನಮ್ಮ ಕೇರಿಯಲ್ಲಿ ಕೂಲಿ ಮಾಡುವ ಹೆಣ್ಣುಮಗಳೊಬ್ಬಳಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಭೂಮಿ ಇಲ್ಲ, ಹಾಗಾಗಿ ಸೊಸೈಟಿಯಲ್ಲಿ ಷೇರು ಇಲ್ಲ, ಹಾಗಾಗಿ ಯಶಸ್ವಿನಿ ಇಲ್ಲ. ಇದ್ದಿದ್ದರೂ ಯಶಸ್ವಿನಿಯಲ್ಲಿ ಕಿಮೋಥೆರಪಿ ಸೇರಿರಲಿಲ್ಲ. ಬಿಪಿಎಲ್ ಕಾರ್ಡು ಇತ್ತು, ಆದರೆ ಹೊಳೆಯ ಈಚೆ ದಡದ ಕಾರ್ಡು. ಅವಳ ತವರು ಆಚೆ ದಡದಲ್ಲಿ. ಅಣ್ಣನ ಕಾರ್ಡಿನಲ್ಲಿ ಹೆಸರು ಸೇರಿಸಲು ಆಗುತ್ತದೆಯೇ ಅಂತ ನನ್ನ ಹತ್ತಿರ ಕೇಳಿಸಿದರು. ಮದುವೆಯಾಗಿ ಹೆಸರು ತೆಗೆಸಿ ಇಪ್ಪತ್ತು ವರ್ಷವಾಗಿತ್ತು. ತಾಲೂಕು ಕಚೇರಿಗೆ ಹೋಗಿ ಬಂದರು, ಆಗಲಿಲ್ಲ. ಊರವರು ಚಂದಾ ಎತ್ತಿದೆವು. ಎರಡು ಸುತ್ತಿನ ಔಷಧಕ್ಕೆ ಸಾಕಾಯಿತು. 2012ರಲ್ಲಿ ಯೋಜನೆ ಬೆಂಗಳೂರು, ಮೈಸೂರು ವಿಭಾಗಗಳಿಗೂ ಬಂತು. ಅವಳು ಅಷ್ಟರಲ್ಲಿ ಹೋಗಿದ್ದಳು. ಅವಳ ಹಟ್ಟಿಯ ಅಂಗಳದಲ್ಲಿ ನಿಂತರೆ ತವರಿನ ಗುಡಿಯ ಕಳಸ ಕಾಣುತ್ತದೆ.

ನಾನು ಇದನ್ನು ನಮ್ಮ ಎರಡು ಊರಿನ ಹಣೆಬರಹ ಅಂದುಕೊಂಡಿದ್ದೆ. ಈ ಶಾಲೆಯಲ್ಲೇ ಓದಿ ಈಗ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ನಮ್ಮೂರ ಮಗಳೊಬ್ಬಳು ಕೆಲವು ವರ್ಷದ ಹಿಂದೆ ನನಗೊಂದು ಸಂಶೋಧನೆಯ ವಿಷಯ ಹೇಳಿದಳು. ನೀರಜ್ ಸೂದ್ ಎಂಬ ಪಂಡಿತರು ಮತ್ತು ಅವರ ಸಂಗಡಿಗರು ಇದೇ ಗಡಿಯನ್ನು ಹಿಡಿದು ಅಧ್ಯಯನ ಮಾಡಿದ್ದಾರೆ. 2014ರಲ್ಲಿ ಇಂಗ್ಲೆಂಡಿನ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂದಿದೆ. ಯೋಜನೆ ಇದ್ದ 300 ಹಳ್ಳಿ, ಪಕ್ಕದಲ್ಲೇ ಇದ್ದೂ ಯೋಜನೆ ಇಲ್ಲದ 272 ಹಳ್ಳಿ. ಮನೆಮನೆಗೆ ಹೋಗಿ ಕೇಳಿದ್ದಾರೆ. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಬಡ ಮನೆಗಳಲ್ಲಿ ಸತ್ತವರ ಪ್ರಮಾಣ ಯೋಜನೆ ಇಲ್ಲದ ಕಡೆ ಶೇ. 0.90, ಇದ್ದ ಕಡೆ ಶೇ. 0.32. ಎಪಿಎಲ್ ಮನೆಗಳಲ್ಲಿ, ಅಂದರೆ ಯೋಜನೆಗೆ ಸೇರದವರಲ್ಲಿ, ಎರಡೂ ಕಡೆ ಅಂಥ ವ್ಯತ್ಯಾಸ ಇಲ್ಲ. ಗಾಳಿ ಒಂದೇ, ನೀರು ಒಂದೇ, ಜೋಳದ ರೊಟ್ಟಿ ಒಂದೇ. ಬೇರೆ ಇದ್ದದ್ದು ಕಾರ್ಡು.

ಮಕ್ಕಳೆ, ನೀವು ಸಮಾಜ ವಿಜ್ಞಾನದಲ್ಲಿ ಕಂದಾಯ ವಿಭಾಗಗಳು ನಾಲ್ಕು ಅಂತ ಬಾಯಿಪಾಠ ಮಾಡುತ್ತೀರಲ್ಲ. ಆ ಪಾಠ ಇಷ್ಟು ದೂರ ಹೋಗುತ್ತದೆ ಅಂತ ನಮಗೂ ಗೊತ್ತಿರಲಿಲ್ಲ.

ಇನ್ನು 2018. ಅಷ್ಟರಲ್ಲಿ ರಾಜ್ಯದಲ್ಲಿ ಆರೋಗ್ಯದ ಯೋಜನೆಗಳು ಗೌರಿಗಣೇಶ ಹಬ್ಬದ ಸೀರೆ ಅಂಗಡಿಯಷ್ಟು ಆಗಿದ್ದವು. ಯಶಸ್ವಿನಿ ಸಹಕಾರ ಇಲಾಖೆಯದು, ವಾಜಪೇಯಿ ಆರೋಗ್ಯಶ್ರೀ ಆರೋಗ್ಯ ಇಲಾಖೆಯದು, ಎಪಿಎಲ್‌ನವರಿಗೆ ರಾಜೀವ್ ಆರೋಗ್ಯ ಭಾಗ್ಯ, ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ, ಇನ್ನೂ ಕೆಲವು. ಎಲ್ಲವನ್ನೂ ಒಂದು ಮಾಡುತ್ತೇವೆ, ರಾಜ್ಯದ ಎಲ್ಲ ನಿವಾಸಿಗಳಿಗೂ ಆರೋಗ್ಯ ಸೇವೆ ಅಂತ 2018ರ ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಆರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಬಂತು, ಅಕ್ಟೋಬರ್‌ನಲ್ಲಿ ಎರಡೂ ಸೇರಿ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಆಯಿತು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ನಿಗದಿ ಮಾಡಿದ ದರದ ಶೇ. 30 ಭಾಗ ಸರಕಾರ ಕೊಡುತ್ತದೆ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ, ಉಳಿದದ್ದು ನಿಮ್ಮದು.

ಒಳ್ಳೆಯ ವಿಚಾರವೇ. ಹೊಳೆಯ ಎರಡು ದಡಕ್ಕೂ ಒಂದೇ ಕಾನೂನು ಆಯಿತು. ಆ ಕೂಲಿ ಹೆಣ್ಣುಮಗಳಂಥವರಿಗೆ ಸೊಸೈಟಿಯ ಷೇರೂ ಬೇಡ, ನನ್ನಂಥವನ ಕೃಪೆಯೂ ಬೇಡ. ನಾನು ಆ ಸುತ್ತೋಲೆ ಓದಿ ನಿಜವಾಗಿಯೂ ಸಂತೋಷಪಟ್ಟೆ. ಆದರೆ ಅದೇ ಸುತ್ತೋಲೆಯಿಂದ ಯಶಸ್ವಿನಿ ಮೇ 31ಕ್ಕೆ ನಿಂತಿತು. ಆಗ ಒಂದು ವರ್ಗಕ್ಕೆ ಇದ್ದದ್ದೂ ಹೋಯಿತು. ಸೊಸೈಟಿಯ ಸದಸ್ಯರಲ್ಲಿ ಎಪಿಎಲ್ ಕಾರ್ಡಿನವರು ಸಾಕಷ್ಟು ಇದ್ದಾರೆ. ಹೆಸರಿಗೆ ಎಂಟು ಹತ್ತು ಎಕರೆ, ಎಲ್ಲ ಮಳೆಯಾಶ್ರಯ, ಬೋರು ಬತ್ತಿದೆ, ಸಾಲ ತಲೆಮಟ್ಟ. ಅವರು ವಂತಿಗೆ ಕಟ್ಟಿ ಪೂರ್ತಿ ಆಪರೇಷನ್ ಖರ್ಚು ಪಡೆಯುತ್ತಿದ್ದರು. ಈಗ ಅವರ ಪಾಲಿಗೆ ನೂರರಲ್ಲಿ ಮೂವತ್ತು. ಎಲ್ಲರಿಗೂ ಅಂತ ಬಂದ ಯೋಜನೆಯಲ್ಲಿ ಅವರಿಗೆ ಸಿಕ್ಕದ್ದು ಮೊದಲಿಗಿಂತ ಕಡಿಮೆ.

ಇನ್ನೊಂದು ಬದಲಾವಣೆ ರೆಫರಲ್. ಯಶಸ್ವಿನಿಯಲ್ಲಿ ಪಟ್ಟಿಯ ಆಸ್ಪತ್ರೆಗೆ ನೇರ ಹೋಗಬಹುದಿತ್ತು. ಹೊಸದರಲ್ಲಿ ತುರ್ತು ಕಾಯಿಲೆ ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗುವುದಿಲ್ಲ ಅಂತಾದರೆ ಚೀಟಿ ಕೊಡುತ್ತಾರೆ, ಆಮೇಲೆ ಖಾಸಗಿ.

ಜುಲೈ ತಿಂಗಳಲ್ಲಿ ಹಾಲಿನ ಡೈರಿಯ ಸದಸ್ಯೆ ಒಬ್ಬರು, ವಿಧವೆ, ನಮ್ಮ ಮನೆಗೆ ಬಂದರು. ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಅಷ್ಟೂ ವರ್ಷದ ರಸೀದಿಗಳು, ರಬ್ಬರ್ ಬ್ಯಾಂಡ್ ಹಾಕಿ. 60 ರೂಪಾಯಿಯದ್ದರಿಂದ ಹಿಡಿದು 300ರದ್ದರವರೆಗೆ. ‘ಒಂದು ವರ್ಷ ತಪ್ಸಿಲ್ಲಣ್ಣ. ಒಂದು ಸಲ ಆಸ್ಪತ್ರೆ ಮೆಟ್ಲು ಹತ್ತಿಲ್ಲ. ಈಗ ಹೋದ್ರೆ ನಿಮ್ದು ಎಪಿಎಲ್ಲು, ಚೀಟಿ ತಗಂಬರ್ರಿ ಅಂತಾರೆ. ಕಟ್ಟಿದ್ದ ದುಡ್ಡು ಎಲ್ಲೋತು?’ ಅಂದರು. ಅವರ ಮಾವನ ಹೆಸರಿನಲ್ಲಿದ್ದ ಜಮೀನಿನ ಲೆಕ್ಕಕ್ಕೆ ಕಾರ್ಡು ಎಪಿಎಲ್ ಆಗಿತ್ತು. ಪಾಲು ಇನ್ನೂ ಆಗಿರಲಿಲ್ಲ. ಮುಯ್ಯಿ ಅಲ್ಲಮ್ಮಾ ಇದು, ವರ್ಷ ವರ್ಷದ್ದು ವರ್ಷ ವರ್ಷಕ್ಕೆ ಮುಗೀತು ಅನ್ನುವ ನನ್ನ ಹಳೆಯ ಪಾಠ ಅವರ ಮುಂದೆ ನಾಲಿಗೆಗೆ ಬರಲಿಲ್ಲ. ಕಾನೂನಿನ ಪ್ರಕಾರ ಅದು ನಿಜ. ಆದರೆ ಹದಿನೈದು ವರ್ಷ ‘ಕಟ್ಟಿ, ಕಷ್ಟಕ್ಕೆ ಆಗುತ್ತೆ’ ಅಂದವನು ನಾನೇ. ಕಷ್ಟ ಬಂದ ತಿಂಗಳು ಯೋಜನೆ ಇಲ್ಲ.

ಮುಂದೇನಾಯಿತು ಅಂತ ಕೇಳುತ್ತೀರಿ. ಬೈದುಕೊಂಡೇ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಚೀಟಿ ತರಲು. ಅಲ್ಲಿಯ ಡಾಕ್ಟರಮ್ಮ ನೋಡಿ, ‘ಚೀಟಿ ಯಾಕೆ? ಇಲ್ಲೇ ಮಾಡ್ತೀವಿ’ ಅಂದರು. ಹದಿನೆಂಟು ದಿನ ಕಾಯಬೇಕಾಯಿತು. ಆಪರೇಷನ್ ಚೆನ್ನಾಗಿ ಆಯಿತು, ಖರ್ಚು ಹೆಚ್ಚೇನೂ ಆಗಲಿಲ್ಲ. ಇದನ್ನು ಹೇಳದಿದ್ದರೆ ಅನ್ಯಾಯ. ರೆಫರಲ್ ಬೇಡವೇ ಬೇಡ ಅನ್ನುವವನು ನಾನಲ್ಲ. ಬೇಕಿಲ್ಲದ ಗರ್ಭಕೋಶಗಳನ್ನು ಕಾರ್ಡಿನ ಆಸೆಗೆ ತೆಗೆದ ಸುದ್ದಿಗಳನ್ನೂ ನಾವು ಓದಿದ್ದೇವೆ. ನಡುವೆ ಒಬ್ಬ ಸರಕಾರಿ ಡಾಕ್ಟರು ನೋಡುವುದು ಒಳ್ಳೆಯದೇ. ಆದರೆ ಆ ಡಾಕ್ಟರು ಅಲ್ಲಿರಬೇಕು, ಚೀಟಿಗಾಗಿ ಮೂರು ಬಸ್ಸು ಹತ್ತುವಂತೆ ಇರಬಾರದು. ಆ ತಾಯಿಯ ಜೊತೆ ನಾನಿದ್ದೆ. ಒಬ್ಬರೇ ಹೋಗುವವರ ಗತಿ ಬೇರೆ.

ಸಹಕಾರ ಸಂಘಗಳವರು ನಾಲ್ಕು ವರ್ಷ ಯಶಸ್ವಿನಿ ವಾಪಸ್ ಕೊಡಿ ಅಂತ ಕೂಗಿದರು. 2022ರ ಬಜೆಟ್ಟಿನಲ್ಲಿ ಬಸವರಾಜ ಬೊಮ್ಮಾಯಿ ಅವರು 300 ಕೋಟಿ ಇಟ್ಟು ಮತ್ತೆ ತಂದರು. 2023ರ ಜನವರಿ 1ರಿಂದ ಚಿಕಿತ್ಸೆ ಶುರುವಾಯಿತು. ಈಗ ತಲೆಲೆಕ್ಕ ಇಲ್ಲ, ಮನೆಲೆಕ್ಕ. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100. ಪಟ್ಟಣದ ಸಂಘಗಳಿಗೆ 1000, ಮೇಲೆ 200. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರಕಾರವೇ ಕಟ್ಟುತ್ತದೆ. ಮಿತಿ 5 ಲಕ್ಷ. ನಾನು ನಿವೃತ್ತನಾಗಿದ್ದೆ, ಕೌಂಟರಿನ ಈ ಕಡೆ ನಿಂತು, ನನ್ನ ಜಾಗದಲ್ಲಿ ಕೂತ ಹುಡುಗನಿಗೆ ಮೊದಲ ದಿನವೇ ದುಡ್ಡು ಕೊಟ್ಟು ರಸೀದಿ ತೆಗೆದುಕೊಂಡೆ. ಅವನು ಸಾಲದಲ್ಲಿ ಮುರಿದುಕೊಳ್ಳುವುದಿಲ್ಲ, ಎಲ್ಲರಿಗೂ ಫೋನು ಮಾಡಿ ಕೇಳುತ್ತಾನೆ. ಬೇಡ ಅಂದವರಿಗೆ ಎರಡನೆಯ ಸಲವೂ ಮಾಡುತ್ತಾನೆ. ನನಗಿಂತ ಒಳ್ಳೆಯ ಸೆಕ್ರೆಟರಿ.

ಈಗ ಬೆಂಗಳೂರಿನಿಂದ, ಪುಣೆಯಿಂದ ಬಂದಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮಗೆ ಕಂಪನಿಯ ವಿಮೆ ಇದೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಅರವತ್ತೈದು ದಾಟಿತು, ಇನ್ನು ಯಾರೂ ವಿಮೆ ಕೊಡುವುದಿಲ್ಲ ಅಂತ ಕೈಬಿಟ್ಟಿದ್ದೀರಿ. ಆ ವಯಸ್ಸಿನ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿಯೂ ನಾಲ್ಕು ವರ್ಷ ಇದ್ದದ್ದು ಹೆಚ್ಚೆಂದರೆ ಮೂರಕ್ಕೆ ಇಳಿದಿದೆ. ಕೊಡಲೇಬೇಕು ಅಂತ ಇಲ್ಲ, ಕಂತೂ ಅಗ್ಗವಲ್ಲ. ಆದರೂ ಕೇಳಿ ನೋಡಿ. ಅದಕ್ಕಿಂತ ಮೊದಲು, ಅವರ ರೇಷನ್ ಕಾರ್ಡಿನಲ್ಲಿ ನಿಮ್ಮ ಹೆಸರು ಇನ್ನೂ ಇದ್ದು, ನಿಮ್ಮ ಸಂಬಳದ ಲೆಕ್ಕಕ್ಕೆ ಅವರ ಕಾರ್ಡು ಬಿಪಿಎಲ್‌ನಿಂದ ಎಪಿಎಲ್‌ಗೆ ಜಾರಿದೆಯೇ ಅಂತ ನೋಡಿ. ಕಾರ್ಡು ಬದಲಾದರೆ ಹೋಗುವುದು ಬರೀ ಅಕ್ಕಿ ಅಲ್ಲ. ಐದು ಲಕ್ಷ ಹೋಗಿ ಶೇ. 30 ಆಗುತ್ತದೆ. ಅಕ್ಕಿ ನಿಂತದ್ದು ಆ ತಿಂಗಳೇ ಗೊತ್ತಾಗುತ್ತದೆ. ಇದು ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ಗೊತ್ತಾಗುತ್ತದೆ.

ಊರಿನ ತಾಯಂದಿರಿಗೂ ಅದೇ. ಸೊಸೆ ಬಂದು ನಾಲ್ಕು ವರ್ಷವಾದರೂ ಹೆಸರು ತವರಿನ ಕಾರ್ಡಿನಲ್ಲೇ ಇರುತ್ತದೆ, ಇಲ್ಲವೇ ಅಲ್ಲಿ ತೆಗೆಸಿ ಇಲ್ಲಿ ಸೇರಿಸಿರುವುದಿಲ್ಲ. ಹುಟ್ಟಿದ ಮಗುವಿನ ಹೆಸರು ಎಲ್ಲೂ ಇಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಇನ್ನೊಂದು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರ ಕಂಪ್ಯೂಟರಿಗೆ ಬೇಕಾದದ್ದು ಈ ಎರಡೇ: ರೇಷನ್ ಕಾರ್ಡು, ಆಧಾರ್. ತುರ್ತು ಕಾಯಿಲೆ ಆದರೆ ಚೀಟಿಗೆ ಓಡಬೇಡಿ, ನೇರ ಹೋಗಿ ಆ ಮಿತ್ರನನ್ನು ಕೇಳಿ. ಎದೆನೋವಿನಲ್ಲಿ ರೆಫರಲ್ ಹುಡುಕಿಕೊಂಡು ಅಲೆದವರನ್ನು ನಾನು ನೋಡಿದ್ದೇನೆ.

ಹೆಡ್ ಮೇಡಂ ನಾಳೆ ಭಾನುವಾರ ಎಂಟನೇ ತರಗತಿಯ ‘ಬಿ’ ಕೊಠಡಿಯನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ನಾನಿರುತ್ತೇನೆ, ಸೊಸೈಟಿಯ ಹುಡುಗ ಇರುತ್ತಾನೆ, ಆಶಾ ಕಾರ್ಯಕರ್ತೆಯರು ಇಬ್ಬರು ಬರುತ್ತಾರೆ. ಹತ್ತನೇ ತರಗತಿಯ ಆರು ಮಕ್ಕಳು ಕಾರ್ಡಿನ ಹೆಸರು, ಆಧಾರ್ ಹೆಸರು ಪಕ್ಕಪಕ್ಕ ಬರೆದು ತಾಳೆ ನೋಡುತ್ತಾರೆ. ಅವರಿಗೆ ನಿನ್ನೆ ಸಂಜೆಯೇ ಕಲಿಸಿದ್ದೇನೆ, ನನಗಿಂತ ಬೇಗ ಮಾಡುತ್ತಾರೆ. ತಪ್ಪಿದ್ದವರ ಪಟ್ಟಿ ಮಾಡಿ ಸೋಮವಾರ ತಾಲೂಕು ಕಚೇರಿಗೆ ನಾನೇ ತೆಗೆದುಕೊಂಡು ಹೋಗುತ್ತೇನೆ. ಯಶಸ್ವಿನಿಗೆ ಸೇರಬೇಕಾದವರ ಪಟ್ಟಿ ಬೇರೆ. ಬರದವರ ಮನೆಗೆ ಮಧ್ಯಾಹ್ನದ ಮೇಲೆ ಬರುತ್ತೇನೆ. ಈ ಸಲ ಯಾರ ಮನೆ ಮುಂದೆಯೂ ಹಾದು ಹೋಗುವುದಿಲ್ಲ. ಬೇಡ ಅನ್ನುವವರು ನನ್ನ ಮುಖ ನೋಡಿ ಬೇಡ ಅನ್ನಲಿ, ಬರೆದುಕೊಂಡು ಬರುತ್ತೇನೆ.

ಕೊಠಡಿಯ ಬಾಗಿಲು ಒಂಬತ್ತು ಗಂಟೆಗೆ ತೆಗೆದಿರುತ್ತದೆ. ಕಾರ್ಡು ಮನೆಯಲ್ಲಿ ಯಾರ ಹತ್ತಿರ ಇದೆ ಅಂತ ಇವತ್ತು ರಾತ್ರಿಯೇ ಹುಡುಕಿ ಇಟ್ಟುಕೊಳ್ಳಿ.